ಹೊಸಬರಲ್ಲದವರ ಮೊದಲ ಆಲ್ಬಂ

(ಗೆಳೆಯರ ಸಂಗೀತ ಕೂಟದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ನಡುನಡುವೆ ಹಾಡು ಹಾಕಿದ ಜಾಗಗಳನ್ನು ಬಿಟ್ಟಿದ್ದೇನೆ.)

ಮೊದಲು ಒಂದು ಕೆಲಸ ಮಾಡಿ. ಎರಡೂ ಕೈ ತೊಡೆ ಮೇಲೆ ಇಟ್ಟುಕೊಳ್ಳಿ. ಬಲಗೈ ಒಂದು ಏಟು, ಎಡಗೈ ಒಂದು ಏಟು. ಧಂ-ತ, ಧಂ-ತ, ಧಂ-ತ. ಅಷ್ಟೇ, ಬೇರೇನೂ ಇಲ್ಲ. ಈಗ ಸ್ವಲ್ಪ ಜೋರು. ಇನ್ನೂ ಜೋರು. ನಿಮಿಷಕ್ಕೆ 200 ಧಂ ಬೀಳಬೇಕು, ಅವುಗಳ ಸಂದಿಯಲ್ಲಿ 200 ತ. ಹಿಂದಿನ ಸಾಲಿನವರು ಆಗಲೇ ನಿಲ್ಲಿಸಿಬಿಟ್ಟಿರಲ್ಲ! ತೋಳು ಹಿಡಿದುಕೊಂಡಿತಾ? ಇನ್ನೂ 15 ಸೆಕೆಂಡ್ ಆಗಿಲ್ಲ.

ಧಂ ಅಂದರೆ ಕಾಲಿನಲ್ಲಿ ಹೊಡೆಯುವ ಬಾಸ್ ಡ್ರಮ್. ತ ಅಂದರೆ ಸ್ನೇರ್, ಕೋಲಿನಿಂದ ಬಡಿಯುವ ಚಿಕ್ಕ ಡ್ರಮ್. ಥ್ರ್ಯಾಶ್ ಮೆಟಲ್ ಅನ್ನುವ, ಬಿರುಸಾಗಿ ಓಡುವ ಒರಟು ರಾಕ್ ಸಂಗೀತದ ಅರ್ಧ ಜೀವ ಈ ಬಡಿತದಲ್ಲಿದೆ. ಇನ್ನರ್ಧ ಗಿಟಾರ್ ಹಿಡಿದವನ ಬಲಗೈಯಲ್ಲಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಇವತ್ತು ನಾನು ಮಾತಾಡೋ ಆಲ್ಬಂನಲ್ಲಿ ಆಡ್ರಿಯನ್ ಎರ್ಲಂಡ್ಸನ್ ಅನ್ನುವವನು ಈ ಬಡಿತವನ್ನು ಅಲ್ಲಲ್ಲಿ ಉಸಿರು ತೆಗೆದುಕೊಂಡು ಹೆಚ್ಚುಕಮ್ಮಿ 40 ನಿಮಿಷ ಎಳೆಯುತ್ತಾನೆ. ಆಲ್ಬಂ ಹೆಸರು 'ದಿ ಹಾಂಟೆಡ್'. ಬ್ಯಾಂಡ್ ಹೆಸರೂ ಅದೇ. ಊರು ಸ್ವೀಡನ್‌ನ ಗೋಥೆನ್‌ಬರ್ಗ್. ವರ್ಷ 1998. ಹನ್ನೆರಡು ಹಾಡು. ಹೊರತಂದಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಇಯರೇಕ್ ಕಂಪನಿ. ಹೆಸರೇ ನೋಡಿ, ಕಿವಿನೋವು ಅಂತ!

ಗೋಥೆನ್‌ಬರ್ಗ್ ಅಂದ ಕೂಡಲೇ ಬೆಂಗಳೂರಿನವರಿಗೆ ನೆನಪಾಗಬೇಕಾದದ್ದು ವೋಲ್ವೋ. ಆ ಕಂಪನಿಯ ಮನೆ ಅದೇ ಊರಲ್ಲಿದೆ. ಹೊಸಕೋಟೆ ಹತ್ತಿರ ಅವರ ಲಾರಿ ಕಾರ್ಖಾನೆ ಶುರುವಾಗಿದ್ದೂ ಇದೇ 1998ರಲ್ಲಿ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ. ಒಂದೇ ಊರಿನಿಂದ ಒಂದೇ ವರ್ಷ ಎರಡು ಭಾರದ ಗಾಡಿ ಹೊರಟವು, ಒಂದು ಮಾತ್ರ ನಮ್ಮ ರಸ್ತೆಗೆ ಬಂತು.

ಇನ್ನೊಂದು ಮಾತ್ರ ಸ್ವಲ್ಪ ತಡವಾಗಿ, ಒಂದು ಕ್ಯಾಸೆಟ್‌ನಲ್ಲಿ ನನ್ನ ಹತ್ತಿರ ಬಂತು. 2001 ಇರಬೇಕು, ನಾನು ಬೆಂಗಳೂರಲ್ಲಿ ಓದುತ್ತಿದ್ದೆ. ಹಾಸ್ಟೆಲ್‌ನಲ್ಲಿ ಒಬ್ಬರ ಹತ್ತಿರ ಈ ಸಿ.ಡಿ. ಇತ್ತು. ನನ್ನ ಹತ್ತಿರ ಇದ್ದದ್ದು ಟೇಪ್ ರೆಕಾರ್ಡರ್ ಮಾತ್ರ. ಖಾಲಿ ಕ್ಯಾಸೆಟ್ ಕೊಳ್ಳೋ ದುಡ್ಡು ಉಳಿಸೋಣ ಅಂತ ಊರಿಂದ ಬರುವಾಗ ಮನೆಯ ಕಪಾಟಿನಿಂದ ಒಂದು ಹಳೇ 90 ನಿಮಿಷದ ಕ್ಯಾಸೆಟ್ ಎತ್ತಿಕೊಂಡು ಬಂದಿದ್ದೆ. ಅದರ ಮೇಲೆ ರೆಕಾರ್ಡ್ ಮಾಡಿದೆವು. ಒಂದು ಬದಿ 45 ನಿಮಿಷ, ಆಲ್ಬಂ 40. ಪೂರ್ತಿ ಒಂದೇ ಬದಿಯಲ್ಲಿ ಕೂತಿತು. ಮೊದಲ ಸಲ ಕೊನೆತನಕ ಕೇಳಿದಾಗ ಏನಾಯ್ತು ಅಂದರೆ, ಕೊನೆಯ ಹಾಡು 'ಫೊರೆನ್ಸಿಕ್' ಮುಗಿಯಿತು, ಒಂದು 'ಟಕ್' ಅಂತ ಸದ್ದು, ಆಮೇಲೆ ಒಬ್ಬರು ಬಹಳ ಸಮಾಧಾನದ ದನಿಯಲ್ಲಿ "ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು" ಅಂದರು. ಆಕಾಶವಾಣಿಯ ಕೃಷಿರಂಗ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡೋ ಕ್ರಮ. ಅಪ್ಪ ರೇಡಿಯೋ ಪಕ್ಕ ಕೂತು ರೆಕಾರ್ಡ್ ಮಾಡಿಟ್ಟಿದ್ದು. ಅದರಲ್ಲಿ 40 ನಿಮಿಷ ನಾನು ಅಳಿಸಿಹಾಕಿದ್ದೆ. ಇದರ ಬಗ್ಗೆ ಮನೆಯಲ್ಲಿ ಆಮೇಲೆ ನಡೆದ ಮಾತುಕತೆಯೂ ಒಂದು ಥರದ ಥ್ರ್ಯಾಶ್.

ಇರಲಿ, ವಿಷಯಕ್ಕೆ ಬರೋಣ.

ಮೊದಲ ಆಲ್ಬಂ ಅಂದ ತಕ್ಷಣ ನಮ್ಮ ತಲೆಯಲ್ಲಿ ಒಂದು ಚಿತ್ರ ಬರುತ್ತದೆ. ಹತ್ತೊಂಬತ್ತು-ಇಪ್ಪತ್ತರ ಹುಡುಗರು, ಗ್ಯಾರೇಜು, ಸಾಲ ಮಾಡಿ ತಂದ ಗಿಟಾರು. ಈ ಆಲ್ಬಂ ಹಾಗಲ್ಲ. ಇದನ್ನು ಮಾಡಿದವರು ಆಗಲೇ ಒಂದು ಬ್ಯಾಂಡ್ ಕಟ್ಟಿ, ಹೆಸರು ಮಾಡಿ, ಅದನ್ನು ಒಡೆದುಕೊಂಡು ಬಂದವರು. ನನಗೆ ಇವತ್ತು ಹೇಳೋಕೆ ಇರೋದು ಇದೊಂದೇ ಮಾತು. ಈ ಆಲ್ಬಂನ ಬಲ ಇರೋದು ಅವರು ಹೊಸದಾಗಿ ಸೇರಿಸಿದ್ದರಲ್ಲಿ ಅಲ್ಲ, ತಮಗೆ ಚೆನ್ನಾಗಿ ಬರುತ್ತಿದ್ದುದನ್ನು ಬೇಕೆಂದೇ ಬಿಟ್ಟಿದ್ದರಲ್ಲಿ. ಏನು ಬಿಟ್ಟರು ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆಟ್ ದ ಗೇಟ್ಸ್ ಅಂತ ಒಂದು ಬ್ಯಾಂಡ್. ಅದೂ ಗೋಥೆನ್‌ಬರ್ಗ್‌ನದ್ದೇ, 1990ರಲ್ಲಿ ಶುರುವಾಗಿದ್ದು. ಆಂಡರ್ಸ್ ಬ್ಯೋರ್ಲರ್, ಯೋನಾಸ್ ಬ್ಯೋರ್ಲರ್ ಅಂತ ಅವಳಿ ಅಣ್ಣತಮ್ಮಂದಿರು. ಒಬ್ಬ ಗಿಟಾರ್, ಒಬ್ಬ ಬಾಸ್ ಗಿಟಾರ್. ಡ್ರಮ್‌ಗೆ ಈಗ ಹೇಳಿದ ಆಡ್ರಿಯನ್. ಹಾಡುಗಾರ ತೋಮಸ್ ಲಿಂಡ್‌ಬರ್ಗ್, 2025ರ ಸೆಪ್ಟೆಂಬರ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಈ ಬ್ಯಾಂಡ್ 1995ರ ನವೆಂಬರ್‌ನಲ್ಲಿ 'ಸ್ಲಾಟರ್ ಆಫ್ ದ ಸೋಲ್' ಅನ್ನೋ ಆಲ್ಬಂ ತಂದಿತು. ಬರೀ 34 ನಿಮಿಷ. ಇಲ್ಲಿ ಮೆಟಲ್ ಕೇಳುವವರು ಯಾರಾದರೂ ಇದ್ದರೆ ಅದರ ಬಗ್ಗೆ ಹೇಳೋ ಅಗತ್ಯವೇ ಇಲ್ಲ. ಕೇಳದವರಿಗೆ ಇಷ್ಟು ಸಾಕು: ಮುಂದಿನ ಹತ್ತು ವರ್ಷ ಅಮೆರಿಕದಲ್ಲಿ ಹುಟ್ಟಿದ ಮೆಟಲ್‌ಕೋರ್ ಬ್ಯಾಂಡ್‌ಗಳು ಆ ಆಲ್ಬಂನ ರಿಫ್‌ಗಳನ್ನು, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳನ್ನು, ಪಕ್ಕದವನ ಉತ್ತರಪತ್ರಿಕೆ ಥರ ನೋಡಿಕೊಂಡು ಬರೆದವು. ಆದರೆ ಆ ಹೆಸರೆಲ್ಲ ಬಂದದ್ದು ಆಮೇಲೆ. ಬ್ಯಾಂಡ್ 1996ರಲ್ಲೇ ಒಡೆದು ಹೋಯಿತು. ಆಲ್ಬಂ ಬಂದು ವರ್ಷವೂ ಆಗಿರಲಿಲ್ಲ.

ಇತ್ತ ಪ್ಯಾಟ್ರಿಕ್ ಯೆನ್ಸೆನ್ ಅಂತ ಒಬ್ಬ ಗಿಟಾರ್ ವಾದಕ. ಎಲ್ಲರೂ ಅವನನ್ನು ಬರೀ ಯೆನ್ಸೆನ್ ಅಂತಲೇ ಕರೆಯುತ್ತಾರೆ. ಲಿನ್‌ಷೋಪಿಂಗ್‌ನ ಸೆಯಾನ್ಸ್ ಅನ್ನೋ ಡೆತ್ ಮೆಟಲ್ (ಥ್ರ್ಯಾಶ್‌ಗಿಂತ ಭಾರ, ಗಂಟಲಾಳದಿಂದ ಗುರುಗುಟ್ಟಿ ಹಾಡುವ ಬಗೆ) ಬ್ಯಾಂಡ್‌ನಲ್ಲಿ ನುಡಿಸಿದವನು. ಇವನೂ ಆಡ್ರಿಯನ್ನೂ 1996ರಲ್ಲಿ ಸೇರಿ ಹಾಂಟೆಡ್ ಶುರು ಮಾಡಿದರು. ಯೋನಾಸ್ ಬಂದ. ಇನ್ನೊಂದು ಗಿಟಾರಿಗೆ ಮೊದಲು ಡಿಸೆಕ್ಷನ್ ಬ್ಯಾಂಡ್‌ನಲ್ಲಿದ್ದ ಯೋನ್ ಜ್ವೆಟ್‌ಸ್ಲೂಟ್ ಸ್ವಲ್ಪ ದಿನ ಇದ್ದ, ಅವನು ಹೋದ ಮೇಲೆ ಆಂಡರ್ಸ್ ಬಂದ. ಐದು ಜನರಲ್ಲಿ ಮೂವರು ಹಳೇ ಬ್ಯಾಂಡಿನವರು ಅಂತಾಯ್ತು. ಈಗ ನೀವು ಆ ಕಾಲದ ಅಭಿಮಾನಿ ಅಂದುಕೊಳ್ಳಿ. ಏನು ಕಾಯುತ್ತೀರಿ? ಅದೇ ಸಾರು, ಬೇರೆ ಪಾತ್ರೆ. ಅಲ್ವಾ?

ಆ ಸಾರಿನ ರುಚಿ ಎಂಥದ್ದು ಅಂತ ಸ್ವಲ್ಪ ಹೇಳಬೇಕು. 1980ರ ದಶಕದ ಕೊನೆಗೆ ಸ್ವೀಡನ್‌ನ ಹುಡುಗರು ಥ್ರ್ಯಾಶ್ ಕೇಳಿಕೊಂಡೇ ಬೆಳೆದರು. ಆದರೆ ತಾವು ನುಡಿಸೋಕೆ ಕೂತಾಗ ಬಹಳಷ್ಟು ಜನ ಡೆತ್ ಮೆಟಲ್ ಕಡೆ ತಿರುಗಿದರು. ಸ್ಟಾಕ್‌ಹೋಮ್‌ನಲ್ಲಿ ಸನ್‌ಲೈಟ್ ಅನ್ನೋ ಸ್ಟುಡಿಯೋ, ತೋಮಸ್ ಸ್ಕೂಗ್ಸ್‌ಬರಿ ಅನ್ನೋ ನಿರ್ಮಾಪಕ, ಎಂಟೂಂಬ್ಡ್ ಬ್ಯಾಂಡ್‌ನ 1990ರ ಆಲ್ಬಂ. ಅವರ ಗುಟ್ಟು ಒಂದು ಸಣ್ಣ ಕಪ್ಪು ಡಬ್ಬಿ. ಬಾಸ್ (Boss) ಅನ್ನೋ ಹೆಸರಿನ ಕಂಪನಿಯ ಎಚ್‌ಎಂ-2 ಪೆಡಲ್, ಗಿಟಾರ್ ಸದ್ದನ್ನು ಒರಟು ಮಾಡೋದು. ಅದರ ತಿರುಗಣೆಗಳನ್ನೆಲ್ಲ ಪೂರ್ತಿ ಬಲಕ್ಕೆ ತಿರುಗಿಸಿಟ್ಟರೆ ಗಿಟಾರ್ ಸದ್ದು ಮರ ಕೊಯ್ಯುವ ಮಿಲ್ಲಿನ ಗರಗಸದ ಥರ ಬರುತ್ತದೆ. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಮಾಷೆ ಅಂದರೆ ಆ ಡಬ್ಬಿ ಮಾರುಕಟ್ಟೆಯಲ್ಲಿ ಅಷ್ಟೇನೂ ಓಡದೆ 1991ರಲ್ಲಿ ನಿಂತೇ ಹೋಗಿತ್ತು. ಸ್ವೀಡನ್‌ನವರ ದೆಸೆಯಿಂದ ಹಳೇ ಡಬ್ಬಿಗಳ ಬೆಲೆ ಏರಿ ಏರಿ, ಕೊನೆಗೆ 2021ರಲ್ಲಿ ಕಂಪನಿಯೇ ಅದನ್ನು ಮತ್ತೆ ಮಾಡಿ ಮಾರಿತು.

ಗೋಥೆನ್‌ಬರ್ಗ್‌ನವರ ದಾರಿ ಬೇರೆ. ಅವರು ಇಷ್ಟು ಒರಟು ಸದ್ದಿನ ಮೇಲೆ ರಾಗ ಕೂರಿಸಿದರು. ಎರಡು ಗಿಟಾರ್ ಜೊತೆಜೊತೆಗೆ, ಒಂದು ಒಂದೆರಡು ಮೆಟ್ಟಿಲು ಮೇಲೆ, ಹಾಡಿಕೊಂಡು ಹೋದ ಹಾಗೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನೋಡಿದವರು ಇಲ್ಲಿ ಇರಬೇಕು. ಹ್ಞಾ, ಮೂರು ಕೈ ಎದ್ದಿವೆ. ನಿಮಗೆ ಗೊತ್ತು ಆ ಜೋಡಿ ಗಿಟಾರ್ ಹೇಗಿರುತ್ತದೆ ಅಂತ. ಅದನ್ನೇ ಕತ್ತಲೆ ಕೋಣೆಗೆ ಒಯ್ದ ಹಾಗೆ. ಡಾರ್ಕ್ ಟ್ರಾಂಕ್ವಿಲಿಟಿ 1995ರಲ್ಲಿ, ಇನ್ ಫ್ಲೇಮ್ಸ್ 1996ರಲ್ಲಿ ಇದೇ ದಾರಿಯಲ್ಲಿ ದೊಡ್ಡ ಆಲ್ಬಂ ತಂದರು. ಎಲ್ಲ ಒಂದೇ ಊರು, ಒಂದೇ ಸ್ಟುಡಿಯೋ: ಫ್ರೆಡ್ರಿಕ್ ನೂರ್ಡ್‌ಸ್ಟ್ರೋಮ್ ನಡೆಸುತ್ತಿದ್ದ ಸ್ಟುಡಿಯೋ ಫ್ರೆಡ್‌ಮನ್. ಹಾಂಟೆಡ್‌ನವರೂ ಅಲ್ಲೇ ಹೋದರು. ಅಂದರೆ ರಾಗದ ಮೆಟಲ್‌ಗೆ ಇಡೀ ಜಗತ್ತು ತಿರುಗಿ ನೋಡುತ್ತಿದ್ದ ಊರಿನಲ್ಲಿ, ಅದೇ ಸ್ಟುಡಿಯೋದಲ್ಲಿ, ಆ ಶೈಲಿಯನ್ನು ಕಟ್ಟಿದವರಲ್ಲೇ ಮೂವರು ಕೂತುಕೊಂಡು ರಾಗವನ್ನು ಪಕ್ಕಕ್ಕಿಟ್ಟರು.

ಇಟ್ಟು ಯಾವುದನ್ನು ಎತ್ತಿಕೊಂಡರು? ಥ್ರ್ಯಾಶ್. 1998ರಲ್ಲಿ! ಯಾರಿಗೂ ಬೇಡವಾಗಿದ್ದ ಸರಕು. ಥ್ರ್ಯಾಶ್‌ನ ಹರೆಯ 1983ರಿಂದ ಸುಮಾರು 1991ರ ತನಕ. ಥ್ರ್ಯಾಶ್ ಕಟ್ಟಿದ ಬ್ಯಾಂಡ್‌ಗಳಲ್ಲಿ ಒಂದಾದ ಮೆಟಾಲಿಕಾದವರು 1996ರ ಹೊತ್ತಿಗೆ ಕೂದಲು ಕತ್ತರಿಸಿಕೊಂಡು ರೇಡಿಯೋಗೆ ಹೊಂದುವ ರಾಕ್ ನುಡಿಸುತ್ತಿದ್ದರು. ಅದೇ ಸಾಲಿನ ಸ್ಲೇಯರ್‌ನವರು ಕೂಡ 1998ರ ಆಲ್ಬಂನಲ್ಲಿ ಆಗಿನ ಫ್ಯಾಷನ್ ಕಡೆ ಒಂದು ಕಣ್ಣು ಹಾಕಿದ್ದರು. ಆ ವರ್ಷ ಎಲ್ಲೆಲ್ಲೂ ಕಾರ್ನ್ ಅನ್ನೋ ಬ್ಯಾಂಡ್, ದೊಗಳೆ ಪ್ಯಾಂಟು, ನಿಧಾನ ಜಿಗಿಯುವ ತಾಳ. 29 ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದ್ದ ಸ್ಲೇಯರ್‌ನ 1986ರ ಆಲ್ಬಂ ಥರದ್ದು ಮಾಡ್ತೀವಿ ಅಂತ ಹೊರಡೋದು ಅಂದರೆ ಎಲ್ಲರೂ ಮಾರಿ ಹೋದ ಮೇಲೆ ಸಂತೆಗೆ ಬಂದ ಹಾಗೆ.

ಇಲ್ಲಿ ಒಂದು ಪಕ್ಕದ ಮಾತು. ನಾನು ಆ ಊರಿಗೆ ಹೋದವನಲ್ಲ, ಆದರೆ ಒಂದು ಪ್ರಶ್ನೆ ಬಹಳ ದಿನ ಕಾಡಿತ್ತು. ಒಂದು ಕೋಟಿ ಜನ ಇರೋ ದೇಶದಲ್ಲಿ ಇಷ್ಟೊಂದು ಚೆನ್ನಾಗಿ ನುಡಿಸುವವರು ಎಲ್ಲಿಂದ ಬರುತ್ತಾರೆ? ಚಳಿ, ಕತ್ತಲೆ, ಮಾಡೋಕೆ ಬೇರೆ ಕೆಲಸ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಚಳಿ ಬೇರೆ ದೇಶದಲ್ಲೂ ಇದೆಯಪ್ಪ. ನಿಜವಾದ ಕಾರಣ ಬಹಳ ಸಪ್ಪೆ. ಅಲ್ಲಿ ಊರೂರಿನ ನಗರಸಭೆಗಳು ಮಕ್ಕಳಿಗೆ ಕಡಿಮೆ ಫೀಸಿನ ಸಂಗೀತ ಶಾಲೆ ನಡೆಸುತ್ತವೆ. ಅದಾದ ಮೇಲೆ ಸ್ಟುಡಿಯೆಫೋರ್ಬುಂಡ್ ಅಂತ ಸಂಘಗಳಿವೆ. ವಯಸ್ಕರು ಗುಂಪಾಗಿ ಕೂತು ಏನಾದರೂ ಕಲಿಯಲಿ ಅಂತ ಹುಟ್ಟಿದ ಸಂಘಗಳು. ಕಾರ್ಮಿಕ ಚಳವಳಿಯ ಎಬಿಎಫ್ ಅನ್ನೋದು 1912ರದ್ದು. ಸರ್ಕಾರದ ಹಣ ಬರುತ್ತದೆ. ನಾಲ್ಕು ಹುಡುಗರು ನಾವು ಅಧ್ಯಯನ ವೃತ್ತ ಅಂತ ಹೆಸರು ಬರೆಸಿ, ಇಂಥ ದಿನ ಇಷ್ಟು ಗಂಟೆ ಕೂತೆವು ಅಂತ ಹಾಜರಿ ತುಂಬಿದರೆ ಅಭ್ಯಾಸಕ್ಕೆ ಕೋಣೆ ಸಿಗುತ್ತದೆ, ಸಾಮಾನಿಗೆ ಸಹಾಯವೂ ಸಿಗಬಹುದು. ಯೋಚನೆ ಮಾಡಿ, ಸಮಾಜವನ್ನೇ ಸುಟ್ಟುಬಿಡ್ತೀನಿ ಅಂತ ಕಿರುಚುವ ಹಾಡಿಗೆ ಹಾಜರಿ ಪುಸ್ತಕ! ನಮ್ಮಲ್ಲಿ ಗರಡಿಮನೆ ಇದ್ದ ಹಾಗೆ ಅಲ್ಲಿ ಅಭ್ಯಾಸದ ಕೋಣೆ. ಅಣ್ಣ ಹೋದರೆ ತಮ್ಮನೂ ಹೋಗುತ್ತಾನೆ. ಬ್ಯೋರ್ಲರ್ ಅವಳಿಗಳನ್ನು ಹೇಳಿದೆ. ಆಡ್ರಿಯನ್‌ನ ತಮ್ಮ ಡೇನಿಯಲ್ ಕೂಡ ಡ್ರಮ್ಮರ್, ಆರ್ಚ್ ಎನಿಮಿ ಬ್ಯಾಂಡ್‌ನಲ್ಲಿದ್ದಾನೆ.

ಸರಿ, ಆಲ್ಬಂ ಹಾಕೋಣ. ಮೊದಲ ಹಾಡು 'ಹೇಟ್ ಸಾಂಗ್'. ಹೆಸರಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಅವರೂ ಕೆಡಿಸಿಕೊಂಡ ಹಾಗಿಲ್ಲ. ಆಗಿನ ಬಹಳ ಮೆಟಲ್ ಆಲ್ಬಂಗಳು ಗುಡುಗು, ಗಂಟೆ, ಕೀಬೋರ್ಡು ಅಂತ ಒಂದು ನಿಮಿಷ ಆರತಿ ಎತ್ತಿ ಆಮೇಲೆ ಬಾಗಿಲು ತೆಗೆಯುತ್ತಿದ್ದವು. ಇಲ್ಲಿ ಪೀಠಿಕೆಯೇ ಇಲ್ಲ. ಬಾಗಿಲು ಒದ್ದುಕೊಂಡು ಒಳಗೆ ಬಂದ ಹಾಗೆ ಶುರು.

ಗಿಟಾರ್‌ನವನ ಬಲಗೈ ಬಗ್ಗೆ ಹೇಳ್ತೀನಿ ಅಂದಿದ್ದೆನಲ್ಲ. ಮನೆಯಲ್ಲಿ ಸ್ಟೀಲ್ ತಟ್ಟೆಯನ್ನು ಚಮಚದಿಂದ ಬಡಿಯಿರಿ. ಠಣ್ ಅಂತ ಸದ್ದು ಎಳೆದುಕೊಂಡು ಹೋಗುತ್ತದೆ. ಈಗ ಇನ್ನೊಂದು ಅಂಗೈ ತಟ್ಟೆ ಮೇಲೆ ಇಟ್ಟು ಬಡಿಯಿರಿ. ಠಕ್. ಅಲ್ಲೇ ಸತ್ತಿತು. ಥ್ರ್ಯಾಶ್ ಗಿಟಾರ್‌ನವನು ಮಾಡೋದು ಇದೇ. ಅಂಗೈ ಅಂಚನ್ನು ತಂತಿಯ ಬುಡದಲ್ಲಿ, ಬ್ರಿಡ್ಜ್ ಹತ್ತಿರ, ಹಗುರವಾಗಿ ಒತ್ತಿ ಹಿಡಿದು ಮೀಟುತ್ತಾನೆ. ಠಕಠಕಠಕ ಅಂತ ಒಣ ಏಟುಗಳು. ಮಧ್ಯೆ ಎಲ್ಲೋ ಒಂದು ಕಡೆ ಕೈ ಎತ್ತಿ ಠಣ್ ಅಂತ ಒಂದು ಸ್ವರ ಬಿಡುತ್ತಾನೆ. ಒತ್ತಿ ಹಿಡಿದಷ್ಟೂ ಬಿಟ್ಟಾಗ ಅದು ದೊಡ್ಡದಾಗಿ ಕೇಳುತ್ತದೆ. ಆಟ್ ದ ಗೇಟ್ಸ್‌ನಲ್ಲಿ ಆಂಡರ್ಸ್ ಬಿಟ್ಟ ಸ್ವರಗಳು ಸಾಲಾಗಿ ಬಂದು ಒಂದು ರಾಗ ಆಗುತ್ತಿದ್ದವು. ಇಲ್ಲಿ ಎರಡು ಸ್ವರ ಬಿಡುತ್ತಾನೆ, ಮೂರನೆಯದು ಬರುತ್ತೆ ಅಂತ ನೀವು ಕಾಯುತ್ತಿದ್ದಾಗಲೇ ಮತ್ತೆ ಅಂಗೈ ಬಂದು ಕೂರುತ್ತದೆ. ಕೊಡದೆ ಕಾಡಿಸುತ್ತಾನೆ. ಆ ರಾಗ ಅಲ್ಲಿ ಇಲ್ಲ ಅಂತಲ್ಲ, ನೆರಳಿನ ಹಾಗೆ ಇದೆ. 'ಇನ್ ವೇನ್' ಹಾಡಿನಲ್ಲಿ ಕೇಳಿ ನೋಡಿ. ಸ್ಟಾಕ್‌ಹೋಮ್‌ನ ಆ ಗರಗಸವೂ ಇಲ್ಲಿ ಮುಂದೆ ಬಂದು ನಿಂತಿಲ್ಲ. ಒಟ್ಟು ಸದ್ದು ಒಣಗಿದೆ, ಎಣ್ಣೆ ಇಲ್ಲದ ರೊಟ್ಟಿ ಥರ.

ಈಗ ಮತ್ತೆ ತೊಡೆ ಮೇಲೆ ಕೈ ಇಡಿ. ಕೊನೇ ಸಲ, ಆಣೆ. ಬಲಗೈ ಅದೇ ವೇಗದಲ್ಲಿ ಹೊಡೆಯುತ್ತಾ ಇರಲಿ, ಎಡಗೈ ಮಾತ್ರ ಬಲಗೈಯ ನಾಲ್ಕು ಏಟಿಗೆ ಒಂದು ಸಲ ಬೀಳಲಿ. ಏನಾಯ್ತು? ಹಾಡಿನ ವೇಗ ಬದಲಾಗಿಲ್ಲ. ಆದರೆ ಮೈಗೆ ನಿಧಾನ ಆದ ಹಾಗಾಯ್ತು. ಕತ್ತು ತಾನಾಗಿಯೇ ಅಲ್ಲಾಡುತ್ತೆ. ನೋಡಿ, ಮುಂದಿನ ಸಾಲಿನಲ್ಲಿ ಮೇಡಂ ಆಗಲೇ ಶುರು ಮಾಡಿದ್ದಾರೆ. ಗಿಟಾರ್ ಓಡುತ್ತಲೇ ಇರುತ್ತದೆ, ಸ್ನೇರ್ ಮಾತ್ರ ದೂರ ದೂರ ಹೆಜ್ಜೆ ಹಾಕುತ್ತದೆ. ಜನ ಜಾಸ್ತಿ ಇರೋ ಕಡೆ ಇದು ಬಂದಾಗಲೇ ಗಲಾಟೆ ಶುರುವಾಗೋದು. ಆಡ್ರಿಯನ್ ಈ ಬದಲಾವಣೆಯನ್ನು ಎಲ್ಲಿ ಮಾಡಬೇಕು ಅಂತ ಬಲ್ಲವನು. ಒಂದು ಏಟು ಹಿಂದೆ ಇಲ್ಲ, ಒಂದು ಏಟು ಮುಂದೆ ಇಲ್ಲ. 'ಚ್ಯಾಸಂ'ನಲ್ಲಿ, 'ಚೋಕ್ ಹೋಲ್ಡ್'ನಲ್ಲಿ ಕಿವಿ ಸ್ನೇರ್ ಮೇಲೆ ಇಟ್ಟು ಕೇಳಿ, ಉಳಿದದ್ದೆಲ್ಲ ಮರೆತುಬಿಡಿ.

ಬಡಿತದ ಬಗ್ಗೆ ಇನ್ನೊಂದು ಮಾತು. ಇದು ಅಮೆರಿಕದ ಥ್ರ್ಯಾಶ್ ಅಷ್ಟೇ ಅಲ್ಲ. ಇಂಗ್ಲೆಂಡಿನ ಡಿಸ್ಚಾರ್ಜ್ ಅನ್ನೋ ಪಂಕ್ ಬ್ಯಾಂಡಿನ ತಾಳ 80ರ ದಶಕದಲ್ಲಿ ಸ್ವೀಡನ್‌ಗೆ ಹೋಗಿ ಮನೆ ಮಾಡಿಕೊಂಡಿತು. ಆಂಟಿ ಸಿಮೆಕ್ಸ್, ಮಾಬ್ 47 ಅಂತ ಬ್ಯಾಂಡ್‌ಗಳು. ಅಲ್ಲಿಯವರು ಅದನ್ನು 'ಷೆಂಗ್‌ಪಂಕ್' ಅನ್ನುತ್ತಾರೆ, ಬೂಟಿನ ಪಂಕ್ ಅಂತ. ಸ್ವೀಡನ್‌ನ ಮೆಟಲ್ ಎಷ್ಟೇ ಕೋಟು ಹಾಕಿಕೊಂಡರೂ ಕೆಳಗೆ ಆ ಬೂಟು ಇರುತ್ತದೆ. ಹಾಂಟೆಡ್‌ನವರು ಕೋಟು ತೆಗೆದರು, ಬೂಟು ಉಳಿಯಿತು.

ಹಾಡುಗಾರನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಪೀಟರ್ ಡೋಲ್ವಿಂಗ್. ಇವನು ಡೆತ್ ಮೆಟಲ್‌ನವನೇ ಅಲ್ಲ. ಮೇರಿ ಬೀಟ್ಸ್ ಜೇನ್ ಅನ್ನೋ ಬೇರೆ ಥರದ ರಾಕ್ ಬ್ಯಾಂಡಿನಿಂದ ಬಂದವನು. ಲಿಂಡ್‌ಬರ್ಗ್ ಗಂಟಲು ಹರಿದುಕೊಂಡು ಕಿರುಚುತ್ತಿದ್ದರು, ಅದರಲ್ಲೊಂದು ಬೇರೆ ಲೋಕದ ನೋವು ಇತ್ತು. ಡೋಲ್ವಿಂಗ್‌ದು ಅದಲ್ಲ. ಇದು ಪಕ್ಕದ ಮನೆಯವನ ಸಿಟ್ಟು. ಗೋಡೆ ಆಚೆಯಿಂದ ಕೇಳುವ ಜಗಳ ಇರುತ್ತಲ್ಲ, ಮಾತು ಅರ್ಧ ಗೊತ್ತಾಗುತ್ತೆ, ಅರ್ಧ ಗೊತ್ತಾಗಲ್ಲ, ಆದರೆ ಯಾರೋ ಕೈ ಮೀರಿ ಹೋಗುತ್ತಿದ್ದಾರೆ ಅಂತ ಮಾತ್ರ ಸ್ಪಷ್ಟ ಇರುತ್ತೆ, ಹಾಗೆ. ಹಾಡುಗಳಲ್ಲಿ ದೆವ್ವ ಇಲ್ಲ, ಡ್ರ್ಯಾಗನ್ ಇಲ್ಲ, ವೈಕಿಂಗ್ ಇಲ್ಲ. ತನ್ನ ಮೇಲೆ, ಎದುರಿಗಿದ್ದವನ ಮೇಲೆ ಬರೋ ಸಿಟ್ಟು ಅಷ್ಟೇ. ನನಗೆ ಅನ್ನಿಸುವ ಮಟ್ಟಿಗೆ ಈ ಆಲ್ಬಂ ಹಳೇ ಥ್ರ್ಯಾಶ್‌ನ ನಕಲು ಆಗದೆ ಉಳಿದದ್ದು ಈ ಗಂಟಲಿನಿಂದ. ಉಳಿದ ನಾಲ್ವರೂ ಯಂತ್ರದ ಹಾಗೆ ನುಡಿಸುತ್ತಿದ್ದರೆ ಇವನೊಬ್ಬ ಆ ಯಂತ್ರಕ್ಕೆ ಬೆರಳು ಸಿಕ್ಕಿಸಿಕೊಂಡವನ ಹಾಗೆ ಇದ್ದಾನೆ.

ಎಲ್ಲ ಹೊಗಳಿಬಿಟ್ಟರೆ ನೀವು ನಂಬಲ್ಲ. ದೂರು ಇದೆ. ಮೊದಲ ಏಳು ಹಾಡು ಎದೆ ಮೇಲೆ ಕೂರುತ್ತವೆ. ಏಳನೆಯದು 'ಬುಲೆಟ್ ಹೋಲ್', ವೇಗ ಇಳಿಸಿ ಭಾರ ಏರಿಸಿದ ಹಾಡು, ಅಲ್ಲಿಗೆ ನಿಮಗೆ ಒಂದು ಉಸಿರು ಸಿಗುತ್ತೆ. ಆಮೇಲೆ 'ನೌ ಯು ನೋ', 'ಶ್ಯಾಟರ್ಡ್', 'ಸೋಲ್ ಫ್ರ್ಯಾಕ್ಚರ್'. ಇಪ್ಪತ್ತು ವರ್ಷದ ಮೇಲಾಯ್ತು ಕೇಳೋಕೆ ಶುರು ಮಾಡಿ, ಇವತ್ತಿಗೂ ಇವುಗಳಲ್ಲಿ ಯಾವುದು ಯಾವುದು ಅಂತ ನನಗೆ ಗೊಂದಲ. ಒಂದೇ ಅಳತೆಗೆ ಕತ್ತರಿಸಿದ ಹಲಗೆಗಳು. ರಾಗ ಬಿಟ್ಟಿದ್ದಕ್ಕೆ ಅವರು ತೆತ್ತ ಬೆಲೆ ಇದು ಅಂತ ನನ್ನ ಲೆಕ್ಕ. ಆಟ್ ದ ಗೇಟ್ಸ್‌ನಲ್ಲಿ ಪ್ರತಿ ಹಾಡಿಗೂ ಒಂದು ಮುಖ ಇತ್ತು, ರಾಗ ಇದ್ದಿದ್ದರಿಂದ. ಇಲ್ಲಿ ಮುಷ್ಟಿ ಇದೆ, ಮುಖ ಕೆಲವಕ್ಕೆ ಮಾತ್ರ. ಎರಡು ಹಾಡು ಕಡಿಮೆ ಮಾಡಿ 34 ನಿಮಿಷಕ್ಕೆ ನಿಲ್ಲಿಸಿದ್ದರೆ ನನ್ನ ಕ್ಯಾಸೆಟ್‌ನಲ್ಲಿ ಬೋರ್ಡೋ ದ್ರಾವಣದ ಪಾಠವೂ ಇನ್ನಷ್ಟು ಉಳಿಯುತ್ತಿತ್ತು.

ಇನ್ನೊಂದು ಸಂಗತಿ ಬಹಳ ಜನ ಗಮನಿಸಲ್ಲ. ಈ ಐದು ಜನ ಸೇರಿ ಮಾಡಿದ್ದು ಇದೊಂದೇ ಆಲ್ಬಂ. ಆಲ್ಬಂ ಬಂದ ಸ್ವಲ್ಪ ದಿನಕ್ಕೆ ಡೋಲ್ವಿಂಗ್ ಹೊರಟ. ಆಡ್ರಿಯನ್ ಇಂಗ್ಲೆಂಡಿನ ಕ್ರೇಡಲ್ ಆಫ್ ಫಿಲ್ತ್ ಸೇರಿಕೊಂಡ. 2000ದಲ್ಲಿ ಎರಡನೇ ಆಲ್ಬಂ 'ಮೇಡ್ ಮಿ ಡೂ ಇಟ್' ಬಂದಾಗ ಹಾಡುಗಾರ ಮಾರ್ಕೋ ಆರೋ, ಡ್ರಮ್ಮರ್ ಪೆರ್ ಮೋಲರ್ ಯೆನ್ಸೆನ್. ಅದಕ್ಕೆ ಸ್ವೀಡನ್‌ನ ಗ್ರಾಮಿಸ್ ಪ್ರಶಸ್ತಿಯೂ ಬಂತು. 2004ಕ್ಕೆ ಡೋಲ್ವಿಂಗ್ ವಾಪಸ್ ಬಂದ, ಆದರೆ ಡ್ರಮ್ ಹಿಂದೆ ಆಡ್ರಿಯನ್ ಇರಲಿಲ್ಲ. 2013ರಲ್ಲಿ ಆಡ್ರಿಯನ್ ವಾಪಸ್ ಬಂದ, ಅಷ್ಟರಲ್ಲಿ ಡೋಲ್ವಿಂಗ್ ಹೋಗಿದ್ದ, ಆಂಡರ್ಸ್ ಕೂಡ ಹೋಗಿದ್ದ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರಿಗೊಬ್ಬರು ತಪ್ಪಿಸಿಕೊಂಡ ನೆಂಟರ ಹಾಗೆ.

ಎರಡನೇ ಆಲ್ಬಂ ಇದಕ್ಕಿಂತ ಚೆನ್ನಾಗಿದೆ ಅಂತ ವಾದ ಮಾಡುವವರು ಇದ್ದಾರೆ. ಹಾಡುಗಳು ಬಿಗಿಯಾಗಿವೆ, ರಾಗವೂ ಸ್ವಲ್ಪ ವಾಪಸ್ ಬಂದಿದೆ, ಒಪ್ಪುತ್ತೇನೆ. ಹೊಸಬರಿಗೆ ನಾನೂ ಅದನ್ನೇ ಮೊದಲು ಕೊಡುತ್ತೇನೆ. ಆದರೆ ಅದು ತಾನು ಯಾರು ಅಂತ ಗೊತ್ತಿರೋ ಬ್ಯಾಂಡ್. ಮೊದಲನೆಯದರಲ್ಲಿ ಅವರಿಗಿನ್ನೂ ಗೊತ್ತಿಲ್ಲ. ತಾವು ಯಾರಲ್ಲ ಅಂತ ಮಾತ್ರ ಗೊತ್ತಿದೆ. ನಾನು ವಾಪಸ್ ಹೋಗಿ ಕೇಳೋದು ಅದನ್ನೇ.

ಕೊನೆಗೆ ಒಂದೆರಡು ಪ್ರಶ್ನೆ ಬಂದವು, ಅವನ್ನೂ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಸ್ವೀಡನ್‌ನಲ್ಲಿ ಎಲ್ಲರೂ ಸುಖವಾಗಿರ್ತಾರಲ್ಲ, ಇಷ್ಟು ಸಿಟ್ಟು ಎಲ್ಲಿಂದ ಬಂತು? ಒಳ್ಳೇ ಪ್ರಶ್ನೆ. ತೊಂಬತ್ತರ ದಶಕದ ಶುರುವಿನಲ್ಲಿ ಅಲ್ಲಿ ದೊಡ್ಡ ಆರ್ಥಿಕ ಕುಸಿತ ಆಗಿತ್ತು. ಬ್ಯಾಂಕ್‌ಗಳು ಮುಳುಗುವ ಹಂತಕ್ಕೆ ಬಂದಿದ್ದವು. ತಮ್ಮ ನಾಣ್ಯ ಕ್ರೋನಾದ ಬೆಲೆ ಬೀಳದಿರಲಿ ಅಂತ 1992ರ ಸೆಪ್ಟೆಂಬರ್‌ನಲ್ಲಿ ಅವರ ರಿಸರ್ವ್ ಬ್ಯಾಂಕ್ ತನ್ನ ಬಡ್ಡಿ ದರವನ್ನು ಶೇಕಡಾ 500ಕ್ಕೆ ಏರಿಸಿತ್ತು. ಹೌದು, ಐನೂರು, ತಪ್ಪಾಗಿ ಕೇಳಿಸಲಿಲ್ಲ. ಕೆಲಸ ಇಲ್ಲದ ಹುಡುಗರು ಬಹಳ ಇದ್ದರು. ಆದರೆ ಬಡ್ಡಿ ದರಕ್ಕೂ ಡೋಲ್ವಿಂಗ್‌ನ ಕಿರುಚಾಟಕ್ಕೂ ಗಂಟು ಹಾಕೋದು ನನಗಿಷ್ಟ ಇಲ್ಲ. ಸುಖವಾಗಿದ್ದವರಿಗೂ ಸಿಟ್ಟು ಬರುತ್ತೆ. ಅವರಿಗೆ ಅಭ್ಯಾಸದ ಕೋಣೆ ಇತ್ತು, ಅಷ್ಟೇ ವ್ಯತ್ಯಾಸ.

ಇನ್ನೊಬ್ಬರು, ಮೆಟಲ್ ಏನೂ ಕೇಳದವರಿಗೆ ಒಂದೇ ಹಾಡು ಹೇಳಿ ಅಂದರು. 'ಬುಲೆಟ್ ಹೋಲ್' ಹಾಕಿಕೊಳ್ಳಿ. ಅದರಲ್ಲಿ ಎಲ್ಲ ಸ್ವಲ್ಪ ದೂರ ದೂರ ಕೂತಿದೆ, ಯಾರು ಏನು ಮಾಡುತ್ತಿದ್ದಾರೆ ಅಂತ ಗೊತ್ತಾಗುತ್ತೆ. ಹೆಡ್‌ಫೋನ್ ಬೇಡ, ಸ್ಪೀಕರ್‌ನಲ್ಲಿ ಕೇಳಿ. ಮನೆಯಲ್ಲಿ ಯಾರೂ ಇಲ್ಲದಾಗ.

ಕೊನೆಯ ಪ್ರಶ್ನೆ ಆ ಕ್ಯಾಸೆಟ್ ಬಗ್ಗೆ, ಇನ್ನೂ ಇದೆಯಾ ಅಂತ. ಇದೆ. ಹೋದ ಮಳೆಗಾಲ ಊರಿಗೆ ಹೋದಾಗ ಹಾಕಿ ನೋಡಿದೆ. ಕೇಳಿ ಕೇಳಿ ಟೇಪ್ ಎಳೆದುಹೋಗಿದೆ. 'ಹೇಟ್ ಸಾಂಗ್' ನೀರಿನೊಳಗಿಂದ ಬಂದ ಹಾಗೆ ಕೇಳುತ್ತೆ, ಎರ್ಲಂಡ್ಸನ್‌ನ ಸ್ನೇರ್ ಅಂತೂ ನೆನೆದ ಗೋಣಿಚೀಲ ಬಡಿದ ಹಾಗಿದೆ. 'ಫೊರೆನ್ಸಿಕ್' ಮುಗಿದ ತಕ್ಷಣ ನಾನು ಯಾವಾಗಲೂ ರಿವೈಂಡ್ ಒತ್ತುತ್ತಿದ್ದೆ, ಹಾಗಾಗಿ ಮುಂದಿನ ಐದು ನಿಮಿಷ ಸವೆದೇ ಇಲ್ಲ. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ನಿಧಾನವಾಗಿ ಹಾಕುತ್ತಾ ಕೋಲಿನಿಂದ ತಿರುಗಿಸಬೇಕು ಅನ್ನೋ ತನಕ ಒಂದೊಂದು ಅಕ್ಷರವೂ ಸ್ಪಷ್ಟವಾಗಿದೆ. ಅಪ್ಪ ಜಗಲಿಯಿಂದ ಕೇಳಿಸಿಕೊಂಡು, "ಅದೊಂದು ಚೂರು ಸರಿಯಾಗಿ ಉಳಿಸಿದೀಯಲ್ಲ" ಅಂದರು.